ಒಂದು, ಆಮೇಲೆ ಎರಡು

ಮೊದಲ ಕಡ್ಡಿ ನನ್ನ ಕೈಗೇ.
ಗವಸಿನ ಮೇಲೆ ಹತ್ತಿ ಉಜ್ಜಿ, ಲಕೋಟೆಗೆ ಹಾಕಿ,
ಮೇಲೆ ಬರೆಯುತ್ತೇನೆ: ಖಾಲಿ.
ನನ್ನಿಂದ ಏನೂ ಅಂಟಲಿಲ್ಲ ಎಂಬುದಕ್ಕೆ
ನಾನೇ ಸಾಕ್ಷಿ, ನನ್ನದೇ ಸಹಿ.

ಆಮೇಲೆ ಉತ್ತಯ್ಯನ ಬಲಗೈ.
ನಾಪೋಕ್ಲು ಠಾಣೆಯ ಬೆಂಚಿನ ಮೇಲೆ
ಬಳೆಗಾರನ ಮುಂದೆ ಚಾಚುವ ಹಾಗೆ ಚಾಚಿದ.
ಹೆಬ್ಬೆರಳು ತೋರುಬೆರಳ ನಡುವಿನ ಮಡಿಕೆ;
ಕೋವಿ ಉಸಿರು ಬಿಡುವುದು ಅಲ್ಲಿಗೇ.
ನೈಟ್ರಿಕ್ ಆಮ್ಲದ ತೇವ ತಣ್ಣಗೆ ತಾಗಿದಾಗ
ನಕ್ಕ. ಅಥವಾ ಮುಖ ಹಾಗಾಯಿತು.
"ಇರುತ್ತೆ ಮೇಡಂ, ಯಾಕೆ ಹುಡುಕ್ತೀರಿ?
ಅಣ್ಣ ಸತ್ತಾಗ ದಂಡ್ ಬೊಡಿ ಹೊಡೆದದ್ದು ನಾನೇ.
ಸಾವು ಊರಿಗೆ ಗೊತ್ತಾಗ್ಬೇಡ್ವ?"

ಯಾವ ಕೋವಿ, ಕೇಳಿದರು ಹೆಡ್ ಕಾನ್ಸ್‌ಟೇಬಲ್ ಹಂಸ.
ಅದೇ. ಪಕ್ಕದಲ್ಲಿ ಬಿದ್ದಿದ್ದ ಜೋಡುನಳಿಗೆ.
ಒಂದು ತೋಟಾ ಅದರೊಳಗೇ ಉಳಿದಿತ್ತು,
ಇನ್ನೊಂದು ಪೆಟ್ಟಿಗೆಯಿಂದ ತೆಗೆದೆ.
ಹಂಸ ಬರೆಯುವುದು ನಿಲ್ಲಿಸಿ
ಸರಿಯಾಗಿದ್ದ ಪೆನ್ನನ್ನೇ ಎರಡು ಸಲ ಕೊಡವಿದರು.

ಬೇರೆ ಜಿಲ್ಲೆಯಲ್ಲಿ ಈ ಕೆಲಸ ಸುಲಭ.
ಇಲ್ಲಿ ಕೈಲ್ ಪೊಳ್ದ್ ಸಂಜೆ ಕಡ್ಡಿ ಹಿಡಿದು ಹೊರಟರೆ
ತೆಂಗಿನಕಾಯಿಗೆ ಗುರಿಯಿಟ್ಟ ಅಜ್ಜಿಯರೂ ಆರೋಪಿಗಳೇ.
ಹಳೆಯ ಕಾಲದ ಪರೀಕ್ಷೆಯಂತೂ ಇನ್ನೂ ಪೆದ್ದು:
ಕೈಗೆ ಬಿಸಿ ಮೇಣ ಹೊಯ್ದು, ಸಿಪ್ಪೆ ಸುಲಿದು,
ಹನಿ ಬಿಟ್ಟರೆ ನೀಲಿ.
ಕಾಫಿ ಬುಡಕ್ಕೆ ಗೊಬ್ಬರ ಎರಚಿದವರದೂ ನೀಲಿ,
ಜನ್ಮದಲ್ಲಿ ಕೋವಿ ಮುಟ್ಟಿರದ ಕೂಲಿಯವರದು.
ಆ ನೀಲಿ ಎಷ್ಟು ಜನರನ್ನು ತಿಂದಿತೋ
ಎನ್ನುತ್ತಿದ್ದರು ನನಗೆ ಕೆಲಸ ಕಲಿಸಿದವರು,
ಎಂದು, ಕೈ ತೊಳೆಯಲು ಏಳುತ್ತಿದ್ದರು.

ಪೆಮ್ಮಯ್ಯನ ಕೈ ಮಡಿಕೇರಿಯ ಶವಾಗಾರದಲ್ಲಿ.
ಅದು ಶುದ್ಧ. ಉಗುರಿನ ಸಂದಿಯಲ್ಲೂ
ಗಂಧದ ಸೋಪಿನ ವಾಸನೆ.
ತೊಳೆದವಳು ದೇಚವ್ವ, ಹೆಂಡತಿ.
ಯಾಕೆ ತೊಳೆದಿರಿ ಎಂದರೆ ನನ್ನನ್ನು ನೋಡಿದಳು,
ಚಪ್ಪಲಿ ಬಿಡದೆ ದೇವರಕೋಣೆಗೆ ಬಂದವಳನ್ನು ನೋಡುವಂತೆ.
"ಮಸಿ ಕೈಯಲ್ಲೇ ಕಳಿಸ್ಲಾ?"
ಯಾವ ಮಸಿ?
"ಸಂಜೆವರೆಗೆ ಮೆಣಸು ಬಿಡಿಸ್ತಿದ್ರು.
ಮಸಿ ಅಂದ್ರೆ ಮಸಿ."

ಕೈ ಒರೆಸಿದ ವಸ್ತ್ರ ಇನ್ನೂ ತಂತಿಯ ಮೇಲಿತ್ತು,
ಒಂದೇ ಕ್ಲಿಪ್ಪಿಗೆ ಜೋತುಕೊಂಡು.
ಮೈಸೂರಿಗೆ ತಂದೆ. ಹನಿ ಬಿಟ್ಟೆ.
ಮೂಲೆಯಲ್ಲಿ ಮೂರು ಚುಕ್ಕೆ ಕೆಂಪಾದವು,
ಸೀಸದ ಕೆಂಪು, ದಾಸವಾಳಕ್ಕಿಂತ ಒಂದಿಷ್ಟು ಮಾಸಲು.
ಬೇರಿಯಂ ಇದೆ ಎಂದಿತು ಯಂತ್ರ, ಆಂಟಿಮನಿಯೂ ಇದೆ.
ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ.
ಫೋನಿನಲ್ಲಿ ದೇಚವ್ವ: ಹೌದಲ್ಲ,
ಮೈದುನನೂ ಅದರಲ್ಲೇ ಒರೆಸಿದ.
ಎರಡು ಹೊಡೆದು ಒಳಗೆ ಬಂದವನಿಗೆ
ನಾನೇ ಕೊಟ್ಟೆ. ಕೈ ನಡುಗುತ್ತಿತ್ತು.
ಯಾರದು, ಎಂದು ನಾನು ಕೇಳಲಿಲ್ಲ.

ಪತ್ತೆಯಾಗಿದೆ. ಪತ್ತೆಯಾಗಿಲ್ಲ. ಪತ್ತೆಯಾಗಿದೆ.
ಮೂರು ಸಾಲು, ಮೊಹರು, ಅರಗು.
ಇಷ್ಟು ಬರೆಯಲು ನನಗೆ ಸಂಬಳ.

ಆದರೆ ಗದ್ದೆಯಾಚೆ ಬೊಳ್ಳವ್ವ ಇದ್ದಾಳೆ,
ಎಂಬತ್ತು ದಾಟಿದರೂ ಮಂದವಾಗದ ಕಿವಿ.
ಅವಳ ಹೇಳಿಕೆ ಯಾವ ಕಡತದಲ್ಲೂ ಇಲ್ಲ;
ಕಾಫಿ ಕೊಡುತ್ತ ನನಗೆ ಹೇಳಿದ್ದು.
ರಾತ್ರಿ ಮೊದಲು ಕೇಳಿದ್ದು ಒರ್ ಬೊಡಿ.
ಎರಡನೆಯದಕ್ಕೆ ಉಸಿರು ಹಿಡಿದು ಕಾದಳಂತೆ.
ಬರಲಿಲ್ಲ.
ಒಂದೇ ಅಂದರೆ ಗಂಡು ಮಗು.
ಯಾರ ಮನೆ, ಯಾವ ಸೊಸೆಗೆ ದಿನ ತುಂಬಿತ್ತು,
ಬೆರಳು ಮಡಚುತ್ತ ದೀಪ ಹಾಕಿ,
ಬೆಳಿಗ್ಗೆ ನೋಡಲು ಹೋಗುವಾಗ ಬರಿಗೈ ಬೇಡವೆಂದು
ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬ ಇಳಿಸಿದಳಂತೆ.
ಮುಚ್ಚಳ ಬಿಗಿದಿತ್ತು.
ಚಮಚದ ಹಿಡಿಯಿಂದ ಸುತ್ತಲೂ ಎಬ್ಬುತ್ತ ಕೂತಿದ್ದಳಂತೆ, ಬಹಳ ಹೊತ್ತು,
ಆಗ ಕೇಳಿತು
ಉಳಿದ ಎರಡು.